ಚಾವಣಿ ಇದ್ದಷ್ಟು ಕಾಲು ಚಾಚು

ಲಿಂಗರಾಜಪುರದ ನಮ್ಮ ಅಡ್ಡರಸ್ತೆಯಲ್ಲಿ, ಹೊಂಗೆ ಮರದ ನೆರಳಿನಲ್ಲಿ, ಬಿಳಿಯ ಟೆಂಪೊ ಟ್ರಾವೆಲರ್ ಒಂದು ನಿಂತಿರುತ್ತದೆ. ಆಸನಗಳಿದ್ದ ಜಾಗದಲ್ಲಿ ಈಗ ಎರಡು ಮಂಚ, ಗೇಣುದ್ದದ ಅಡುಗೆಕಟ್ಟೆ, ಪುಟ್ಟ ಫ್ರಿಜ್ ಇವೆ. ನಿವೃತ್ತರಾದ ನೆರೆಯವರೊಬ್ಬರು ತಮ್ಮ ಪತ್ನಿಯೊಡನೆ ನಾಡು ಸುತ್ತಲೆಂದು ಮಾಡಿಸಿಕೊಂಡ ಮನೆಗಾಡಿ ಇದು. ಆ ಪತ್ನಿಗೆ ಮಧುಮೇಹವಿದೆ. ಅವರ ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಇರುವುದರಿಂದ ರಾತ್ರಿಯಿಡೀ ಮೂಗಿಗೆ ಗಾಳಿಯೊತ್ತುವ ಸಿಪ್ಯಾಪ್ ಯಂತ್ರ ಬೇಕು. ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಆಚೆ ಗಾಡಿ ನಿಲ್ಲಿಸಿ ಮಲಗಿದ್ದಾಗ, ಬೆಳಗಿನ ಜಾವ ಮೂರರ ಹೊತ್ತಿಗೆ ಆ ಯಂತ್ರ ನಿಂತುಹೋಯಿತು. ಆಕೆ ಏದುಸಿರು ಬಿಡುತ್ತ ಎದ್ದು ಕುಳಿತರು. ಫ್ರಿಜ್ ಕೂಡ ಆರಿತ್ತು. ಉಳಿದ ಪ್ರವಾಸವನ್ನು ಅಲ್ಲಿಗೇ ಮೊಟಕುಗೊಳಿಸಿ ಅವರು ಮನೆಗೆ ಮರಳಿದರು.

ಗಾಡಿಗೆ ಸೌರವಿದ್ಯುತ್ ಇರಲಿಲ್ಲವೆಂದಲ್ಲ. 100 ವ್ಯಾಟ್‌ನ ಒಂದು ಫಲಕ, 150 ಆಂಪಿಯರ್-ಗಂಟೆಯ ಒಂದು ಸೀಸ-ಆಮ್ಲ ಬ್ಯಾಟರಿ, ಒಂದು ಇನ್ವರ್ಟರ್ ಎಲ್ಲವೂ ಇದ್ದವು. 'ಇಷ್ಟು ಧಾರಾಳವಾಗಿ ಸಾಕು' ಎಂದು ಅಳವಡಿಸಿದವರು ಹೇಳಿದ್ದರಂತೆ. ಈಗ ಅದನ್ನು ಮೇಲ್ದರ್ಜೆಗೇರಿಸುವ ಯೋಚನೆ. ಅವರ ಮೊದಲ ಪ್ರಶ್ನೆ ಎಲ್ಲರ ಮೊದಲ ಪ್ರಶ್ನೆಯೇ ಆಗಿತ್ತು: ಇನ್ನೆಷ್ಟು ಫಲಕ ಹಾಕಿಸಲಿ? ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲು ಆ ರಾತ್ರಿ ಏಕೆ ಕತ್ತಲಾಯಿತೆಂದು ನೋಡೋಣ. ಬ್ಯಾಟರಿಯ ಮೇಲೆ ಬರೆದ 12 ವೋಲ್ಟ್, 150 ಆಂಪಿಯರ್-ಗಂಟೆಗಳನ್ನು ಗುಣಿಸಿದರೆ 1,800 ವ್ಯಾಟ್-ಗಂಟೆ. ಆದರೆ ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತ ಹೋದರೆ ಅದರ ಆಯುಸ್ಸು ಬೇಗ ಕರಗುತ್ತದೆ. ಆದ್ದರಿಂದ ನೆಮ್ಮದಿಯಿಂದ ಬಳಸಬಹುದಾದದ್ದು 900 ಮಾತ್ರ. ಮೋಡ ಕವಿದ ಮಲೆನಾಡಿನಲ್ಲಿ 100 ವ್ಯಾಟ್‌ನ ಫಲಕ ದಿನಕ್ಕೆ 200 ವ್ಯಾಟ್-ಗಂಟೆ ಕೊಟ್ಟರೆ ಅದೇ ಪುಣ್ಯ. ಇನ್ನು ಇನ್ವರ್ಟರ್. ಏನನ್ನೂ ಓಡಿಸದೆ ಸುಮ್ಮನೆ 'ಆನ್' ಇದ್ದರೂ ಅದು ಸುಮಾರು 20 ವ್ಯಾಟ್ ಹೀರುತ್ತಿತ್ತು. ಇಪ್ಪತ್ತನಾಲ್ಕು ಗಂಟೆಗೆ 480 ವ್ಯಾಟ್-ಗಂಟೆ! ಸೂರ್ಯ ಕೊಟ್ಟದ್ದರ ಎರಡರಷ್ಟನ್ನು ಇನ್ವರ್ಟರ್ ಒಂದೇ ಕುಡಿಯುತ್ತಿತ್ತು. ಅದರಿಂದ ಆಗುತ್ತಿದ್ದ ಕೆಲಸವೂ ವಿಚಿತ್ರವೇ. ಬ್ಯಾಟರಿಯ 12 ವೋಲ್ಟನ್ನು ಅದು 230 ವೋಲ್ಟ್‌ಗೆ ಏರಿಸುತ್ತಿತ್ತು, ಸಿಪ್ಯಾಪ್‌ನ ಅಡಾಪ್ಟರ್ ಅದನ್ನು ಮತ್ತೆ 24 ವೋಲ್ಟ್‌ಗೆ ಇಳಿಸುತ್ತಿತ್ತು. ಬೆಟ್ಟ ಹತ್ತಿ ಇಳಿದು ಪಕ್ಕದ ಮನೆಗೆ ಹೋದ ಹಾಗೆ. 12 ವೋಲ್ಟಿನಿಂದ ನೇರವಾಗಿ 24 ವೋಲ್ಟ್‌ಗೆ ಬದಲಿಸುವ ಸಣ್ಣ ಪೆಟ್ಟಿಗೆ ಒಂದಿದ್ದಿದ್ದರೆ ಆ ರಾತ್ರಿ ಇನ್ವರ್ಟರನ್ನು ಆರಿಸಿಯೇ ಮಲಗಬಹುದಿತ್ತು.

ನಮ್ಮ ನಗರಕ್ಕೆ ಈ ಬಗೆಯ ಲೆಕ್ಕ ಹೊಸದಲ್ಲ. 1975ರ ಏಪ್ರಿಲ್‌ನಲ್ಲಿ ಕಕ್ಷೆ ಸೇರಿದ 'ಆರ್ಯಭಟ' ಉಪಗ್ರಹವನ್ನು ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಲಾಗಿತ್ತು. ಮೈತುಂಬ ಸೌರಕೋಶ, ಒಡಲೊಳಗೆ ಬ್ಯಾಟರಿ. ಭೂಮಿಯ ನೆರಳಿಗೆ ಹೊಕ್ಕಾಗಲೆಲ್ಲ ಅದು ಕೂಡಿಟ್ಟ ವಿದ್ಯುತ್ತಿನಲ್ಲೇ ಬದುಕಬೇಕಿತ್ತು. 360 ಕಿಲೋ ತೂಕದ ಆ ಯಂತ್ರಕ್ಕೆ ದೊರೆಯುತ್ತಿದ್ದದ್ದು ಕೇವಲ 46 ವ್ಯಾಟ್. ಅಷ್ಟು ಎಚ್ಚರ ವಹಿಸಿದರೂ ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಅದಾದ ಎರಡು ದಶಕದ ಮೇಲೆ, 1995ರಲ್ಲಿ, ಇದೇ ಊರಿನಲ್ಲಿ ಹುಟ್ಟಿದ 'ಸೆಲ್ಕೊ' ಹಳ್ಳಿಮನೆಗಳಿಗೆ ಸೌರದೀಪ ಕೊಡಲು ಹೊರಟಿತು. 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಅದರ ಸಂಸ್ಥಾಪಕ ಹರೀಶ್ ಹಂದೆ ಹಿಡಿದ ದಾರಿಯ ಸಾರ ಇಷ್ಟೆ: ಸಿದ್ಧ ಕಿಟ್ ಮಾರುವ ಮೊದಲು ಆ ಮನೆಯವರಿಗೆ ಯಾವ ಹೊತ್ತಿನಲ್ಲಿ, ಯಾವ ಮೂಲೆಯಲ್ಲಿ, ಯಾವ ಕೆಲಸಕ್ಕೆ ಬೆಳಕು ಬೇಕೆಂದು ಕೇಳುವುದು. ಮನೆಗಾಡಿಗೂ ಅದೇ ಪ್ರಶ್ನೆ ಸಲ್ಲುತ್ತದೆ.

ನೆರೆಯವರೊಡನೆ ಕುಳಿತು ಒಂದು ದಿನದ ಖರ್ಚನ್ನು ಬರೆದೆವು. 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ ದಿನಕ್ಕೆ ಸುಮಾರು 500 ವ್ಯಾಟ್-ಗಂಟೆ. ಸಿಪ್ಯಾಪ್ 30 ವ್ಯಾಟ್‌ನಂತೆ ಎಂಟು ಗಂಟೆಗೆ 240. (ಅದರ ನೀರು ಕಾಯಿಸುವ ಭಾಗ ಚಾಲೂ ಇದ್ದರೆ ಇದು ಇಮ್ಮಡಿಯಾಗಬಹುದು, ಅದನ್ನು ಆರಿಸಬಹುದೇ ಎಂದು ಹೇಳಬೇಕಾದವರು ವೈದ್ಯರು, ಎಲೆಕ್ಟ್ರಿಷಿಯನ್ ಅಲ್ಲ.) ಫ್ಯಾನ್ 250, ದೀಪಗಳಿಗೆ 100, ಮೊಬೈಲು ಇತ್ಯಾದಿಗೆ 100, ನೀರಿನ ಪಂಪ್‌ಗೆ ಹದಿನೈದು. ಒಟ್ಟು 1,200ರ ಆಸುಪಾಸು. ಮನೆಯ ಕರೆಂಟು ಬಿಲ್ಲಿನ ಭಾಷೆಯಲ್ಲಿ ಒಂದೂಕಾಲು ಯೂನಿಟ್ಟಿಗೂ ಕಡಿಮೆ. ಮನೆಯಲ್ಲಿ ಇದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪಟ್ಟಿಯಲ್ಲಿ ಹವಾನಿಯಂತ್ರಕವೂ ಇತ್ತು. ಒಂದು ಟನ್ನಿನದು ಸಾವಿರ ವ್ಯಾಟ್ ಎಳೆಯುತ್ತದೆ. ರಾತ್ರಿಯ ಎಂಟು ಗಂಟೆಯಲ್ಲಿ ಅರ್ಧ ಹೊತ್ತು ಅದು ವಿಶ್ರಮಿಸಿದರೂ ನಾಲ್ಕು ಯೂನಿಟ್ ಬೇಕು. ಅದೊಂದಕ್ಕಾಗಿಯೇ ಚಾವಣಿಯ ಮೇಲೆ ಇನ್ನೂ ಸಾವಿರಕ್ಕಿಂತ ಹೆಚ್ಚು ವ್ಯಾಟ್‌ನ ಫಲಕಗಳು ಬೇಕಾಗುತ್ತವೆ. ಒಂದು ಚದರ ಮೀಟರಿನ ಫಲಕ ಕೊಡುವುದು ಸುಮಾರು 200 ವ್ಯಾಟ್. ಗಾಳಿಕಿಂಡಿ, ಸಾಮಾನು ಕಟ್ಟುವ ಕಂಬಿ, ಒರೆಸಲು ಕಾಲಿಡುವಷ್ಟು ಜಾಗ ಇವನ್ನು ಬಿಟ್ಟರೆ ಈ ಗಾಡಿಯ ನೆತ್ತಿಯ ಮೇಲೆ ಹಿಡಿಸುವುದು ಅಂಥ ಎರಡು ಫಲಕ ಮಾತ್ರ. ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಬೇಕಾದ ಜಾಗ ಮತ್ತೊಂದಿಲ್ಲ. ಹವಾನಿಯಂತ್ರಕಕ್ಕೆ ಅಡ್ಡಗೆರೆ ಬಿತ್ತು. ಇಂಡಕ್ಷನ್ ಒಲೆಗೂ ಬಿತ್ತು: 1,800 ವ್ಯಾಟ್ ಎಂದರೆ 12 ವೋಲ್ಟ್‌ನಲ್ಲಿ 150 ಆಂಪಿಯರ್, ಅದಕ್ಕೆ ಬೆರಳು ಗಾತ್ರದ ತಂತಿಯೇ ಬೇಕು. ಅಡುಗೆಗೆ ಗ್ಯಾಸ್ ಇರಲಿ.

ಈ 400 ವ್ಯಾಟ್ ಎಷ್ಟು ದುಡಿಯುತ್ತದೆ? ವಿದೇಶಿ ಕೈಪಿಡಿಗಳು ಫಲಕವನ್ನು ಓರೆಯಾಗಿ ಎತ್ತಿ ನಿಲ್ಲಿಸಲು ಹೇಳುತ್ತವೆ. ಸೂರ್ಯ ದಿಗಂತಕ್ಕೆ ಅಂಟಿಕೊಂಡೇ ಸಾಗುವ ಯುರೋಪಿನ ಚಳಿಗಾಲಕ್ಕೆ ಅದು ಸರಿ. ಹದಿಮೂರು ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುವಿನಲ್ಲಿ ಸೂರ್ಯ ನೆತ್ತಿಗೇ ಬಂದು ನೆರಳನ್ನೇ ನುಂಗುತ್ತಾನೆ; ಇಲ್ಲಿ ಅಂಗಾತ ಮಲಗಿದ ಫಲಕ ಕಳೆದುಕೊಳ್ಳುವುದು ಅತ್ಯಲ್ಪ. ನಮ್ಮ ಶತ್ರು ಬೇರೆ, ಅದು ಕಾವು. ಫಲಕದ ಬಿಸಿ 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಅದರ ಶಕ್ತಿ ಶೇಕಡ 0.35ರಷ್ಟು ಕುಗ್ಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಫಲಕ 65 ಡಿಗ್ರಿಗೆ ಕಾದರೆ ಶೇಕಡ 14 ಅಲ್ಲಿಯೇ ಹೋಯಿತು. ಆದ್ದರಿಂದ ಫಲಕವನ್ನು ತಗಡಿಗೆ ಅಂಟಿಸದೆ, ಕೆಳಗೆ ಒಂದೆರಡು ಅಂಗುಲ ಗಾಳಿಯಾಡುವಂತೆ ಕೂರಿಸಬೇಕು. ಹಾಗೆಂದು ಬಹಳ ಎತ್ತರಿಸಿದರೆ ರೈಲ್ವೆ ಕೆಳಸೇತುವೆಗಳ ಗಡಿಕಂಬಿಗೆ ಬಡಿಯುವ ಭಯ.

ಎಲ್ಲ ನಷ್ಟ ಕಳೆದು, ಒಳ್ಳೆಯ ಬಿಸಿಲಿನ ದಿನ 1,500 ವ್ಯಾಟ್-ಗಂಟೆ ಬರುತ್ತದೆ. ಜುಲೈನ ಮಲೆನಾಡಿನಲ್ಲಿ 700 ಎಂದಿಟ್ಟುಕೊಳ್ಳಿ. ದಿನಕ್ಕೆ 500ರ ಕೊರತೆ. ಅದನ್ನು ತುಂಬಿಕೊಡಬೇಕಾದ್ದು ಎಂಜಿನ್ನಿನ ಆಲ್ಟರ್ನೇಟರ್. ಹಳೆಯ ಗಾಡಿಗಳಲ್ಲಿ ಎರಡು ಬ್ಯಾಟರಿಗಳ ನಡುವೆ ಒಂದು ರಿಲೇ ಹಾಕಿದರೆ ಸಾಕಾಗುತ್ತಿತ್ತು. ಇಂಧನ ಉಳಿಸಲು ಆಲ್ಟರ್ನೇಟರ್ ತನ್ನ ವೋಲ್ಟೇಜನ್ನು ತಾನೇ ಏರಿಳಿಸುವ ಈಚಿನ ಗಾಡಿಗಳಲ್ಲಿ ಅದು ನಡೆಯುವುದಿಲ್ಲ. ನಡುವೆ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಬೇಕು. ಆಗ ಒಂದೂವರೆ ಗಂಟೆಯ ಪ್ರಯಾಣದಲ್ಲಿ ಆ ದಿನದ ಕೊರತೆ ತೀರುತ್ತದೆ.

ಇನ್ನು ಬ್ಯಾಟರಿ. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ 'ರೇವಾ' ವಿದ್ಯುತ್ ಕಾರನ್ನು ಇಟ್ಟುಕೊಂಡಿದ್ದವರಿಗೆ ಸೀಸ-ಆಮ್ಲದ ತೂಕ ಮತ್ತು ಮುಪ್ಪು ಎರಡೂ ಗೊತ್ತು. ಈಗ ನೆರೆಯವರು ಒಪ್ಪಿರುವುದು ಲಿಥಿಯಂ ಐರನ್ ಫಾಸ್ಫೇಟ್: 12.8 ವೋಲ್ಟ್, 200 ಆಂಪಿಯರ್-ಗಂಟೆ. ಅದರ 2,560ರಲ್ಲಿ 2,300ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ತೂಕ ಸುಮಾರು 25 ಕಿಲೋ. ಅಷ್ಟೇ ಶಕ್ತಿಗೆ ಹಳೆಯ ಬಗೆಯವು ಮೂರು ಬೇಕು, ಒಂದೂವರೆ ಕ್ವಿಂಟಲ್‌ಗೂ ಮೀರಿ. ಬೆಲೆ ಈಗ ಹೆಚ್ಚಾದರೂ ಸಾವಿರಾರು ಬಾರಿ ತುಂಬಿ ಬರಿದು ಮಾಡಬಹುದಾದ್ದರಿಂದ ಕೊನೆಗೆ ಇದೇ ಅಗ್ಗ. ಆದರೆ ಒಂದು ದುರ್ಗುಣವನ್ನು ಮಾರುವವರು ಹೇಳುವುದಿಲ್ಲ. ಸೀಸದ ಬ್ಯಾಟರಿ ಸಾಯುವ ಮುನ್ನ ದೀಪ ಮಂಕಾಗಿಸಿ ಸೂಚನೆ ಕೊಡುತ್ತದೆ. ಇದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಕಡಿಮೆ ಸಮನಾಗಿರುತ್ತದೆ. ಬಳಿಕ ಒಳಗಿನ ರಕ್ಷಣಾ ಮಂಡಲ ಒಮ್ಮೆಲೇ ಸಂಪರ್ಕ ಕಡಿಯುತ್ತದೆ. ಸಾಧಾರಣ ವೋಲ್ಟ್‌ಮೀಟರ್ ನಂಬಿ ಮಲಗುವಂತಿಲ್ಲ. ಒಳಹೋದ, ಹೊರಬಂದ ಆಂಪಿಯರುಗಳನ್ನು ಎಣಿಸುವ ಷಂಟ್ ಮಾಪಕ ಬೇಕು, ಶೇಕಡ 30ಕ್ಕೆ ಇಳಿದಾಗ ಕೂಗುವ ಅಲಾರಂ ಸಹಿತ. ಜೊತೆಗೆ, ಇದು ನನ್ನ ಹಟ, ಸಿಪ್ಯಾಪ್‌ಗೆ ಮಾತ್ರ ಮೀಸಲಾದ ಸಣ್ಣ ಬ್ಯಾಟರಿಯೊಂದು ಪ್ರತ್ಯೇಕವಾಗಿರಲಿ. ಉಸಿರಿಗೂ ಫ್ರಿಜ್ಜಿಗೂ ಒಂದೇ ಖಾತೆ ಬೇಡ. ಬ್ಯಾಟರಿಯ ಧನಧ್ರುವಕ್ಕೆ ಗೇಣಳತೆಯಲ್ಲೇ ಫ್ಯೂಸ್ ಇರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ಆದರೂ ಹಳೆಯ ಜೋಡಣೆಯಲ್ಲಿ ಅದು ಇರಲಿಲ್ಲ.

ಸರ್ಕಾರಗಳು ಮನೆಗಾಡಿ ಪ್ರವಾಸದ ಬಗ್ಗೆ ಉತ್ಸಾಹದಿಂದ ಮಾತನಾಡಿವೆ. ಕೇಂದ್ರದ ಪ್ರವಾಸೋದ್ಯಮ ಸಚಿವಾಲಯದ ಕ್ಯಾರವಾನ್ ನೀತಿ 2009ರದು. ಕೇರಳ 2021ರಲ್ಲಿ ತನ್ನದೇ ಯೋಜನೆ ಪ್ರಕಟಿಸಿತು. ಆದರೂ ರಾತ್ರಿ ಗಾಡಿ ನಿಲ್ಲಿಸಿ ಪ್ಲಗ್ ಚುಚ್ಚುವ ತಾಣಗಳು ಯುರೋಪಿನಂತೆ ನಮ್ಮಲ್ಲಿ ಊರೂರಿಗೆ ಇಲ್ಲ. ಇತ್ತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಅರ್ಥೈಸಿತು. ಚಾವಣಿಗೆ ಒಂದು ತೂತು ಕೊರೆಯುವ ಮೊದಲೇ ಸಾರಿಗೆ ಕಚೇರಿಯಲ್ಲಿ ಮತ್ತು ವಿಮೆಯವರಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಕ್ಷೇಮ.

ಉಳಿದದ್ದು ಹೊಂಗೆ ಮರದ ಸಮಸ್ಯೆ. ಒಂದು ಕೊಂಬೆಯ ನೆರಳು ಫಲಕದ ಮೂಲೆಗೆ ಬಿದ್ದರೂ ಆ ಫಲಕದ ಇಳುವರಿ ನೆರಳಿನ ಅಳತೆಗೆ ಮೀರಿ ಕುಸಿಯುತ್ತದೆ. ಕೊಂಬೆ ಕಡಿಸಲು ದಂಪತಿಗಳಿಬ್ಬರೂ ಒಪ್ಪಲಿಲ್ಲ. ಹೊಸ ಜೋಡಣೆ ಮುಗಿದ ಮೇಲೆ ಗಾಡಿಯನ್ನು ರಸ್ತೆಯ ತುದಿಯ ಬಯಲಿಗೆ ಒಯ್ದು, ಮನೆಯ ಪ್ಲಗ್ಗಿಗೆ ತಾಗಿಸದೆ, ಎಂಜಿನ್ನನ್ನೂ ಹಚ್ಚದೆ ಮೂರು ರಾತ್ರಿ ಅದರಲ್ಲೇ ಮಲಗುವುದೆಂದು ತೀರ್ಮಾನವಾಗಿದೆ. ಯಂತ್ರ ನಿಂತರೆ ಮನೆ ಇನ್ನೂರು ಹೆಜ್ಜೆ ದೂರದಲ್ಲಿರುತ್ತದೆ. ಸಕಲೇಶಪುರದ ದಾರಿ ಹಿಡಿಯುವುದು ಅದಾದ ಮೇಲೆ.