ಬೆಟ್ಟದ ತಪ್ಪಲಿನಲ್ಲಿ ಲಲಿತಕಲಾ ವಿದ್ಯಾಲಯ: ಷಿಯಾಂಗ್‌ಷಾನ್ ಆವರಣದ ವಾಸ್ತುಶಿಲ್ಪ

ಪೀಠಿಕೆ:
ಚೀನಾ ದೇಶದ ಹಾಂಗ್‌ಝೌ ನಗರದಲ್ಲಿ 1928ರಲ್ಲಿ ಸ್ಥಾಪನೆಗೊಂಡ ಚೀನಾ ಕಲಾ ಅಕಾಡೆಮಿಯು ಆ ದೇಶದ ಪ್ರಮುಖ ಲಲಿತಕಲಾ ಶಿಕ್ಷಣ ಸಂಸ್ಥೆಗಳಲ್ಲಿ ಒಂದಾಗಿರುತ್ತದೆ. ಸದರಿ ಸಂಸ್ಥೆಯ ಹೊಸ ಆವರಣವನ್ನು ನಗರದ ದಕ್ಷಿಣ ಭಾಗದ ಷಿಯಾಂಗ್‌ಷಾನ್, ಅಂದರೆ 'ಆನೆ ಬೆಟ್ಟ'ದ ಸುತ್ತ ನಿರ್ಮಿಸಲಾಗಿದೆ. ವಾಸ್ತುಶಿಲ್ಪಿಗಳಾದ ವಾಂಗ್ ಷು ಮತ್ತು ಅವರ ಪತ್ನಿ ಲು ವೆನ್ಯು ಇದರ ವಿನ್ಯಾಸಕಾರರು. ಬೆಟ್ಟದ ಉತ್ತರ ಭಾಗದ ಮೊದಲ ಹಂತವು 2004ರಲ್ಲಿ ಹಾಗೂ ದಕ್ಷಿಣ ಭಾಗದ ಎರಡನೇ ಹಂತವು 2007ರಲ್ಲಿ ಪೂರ್ಣಗೊಂಡವು.

ನಿವೇಶನದ ವಿನ್ಯಾಸ:
ಬೆಟ್ಟವನ್ನು ಕಡಿದು ಸಮತಟ್ಟುಗೊಳಿಸದೆ, ಕಟ್ಟಡಗಳನ್ನು ನಿವೇಶನದ ಅಂಚಿಗೆ ಸರಿಸಿ, ಬೆಟ್ಟವನ್ನು ನಡುವೆ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಅಲ್ಲಿನ ತೊರೆ ಹಾಗೂ ಕೊಳಗಳನ್ನು ಮುಚ್ಚಿರುವುದಿಲ್ಲ. ತೊರೆ, ಕೊಳಗಳಿಂದ ತೆಗೆದ ಹೂಳನ್ನು ಕಟ್ಟಡಗಳ ಪಕ್ಕದಲ್ಲಿ ಹರಡಲಾಯಿತು. ಮೊದಲ ಹಂತದ ಕಟ್ಟಡಗಳ ಅಂಗಳಗಳು ಬೆಟ್ಟದ ಕಡೆಗೆ ತೆರೆದುಕೊಂಡಿರುತ್ತವೆ. ಎರಡನೇ ಹಂತದ ಕಟ್ಟಡಗಳ ಹೊರಗೋಡೆಯ ಮೇಲೆ ಏರಿ ಸಾಗುವ ನಡೆದಾರಿಗಳಿದ್ದು, ವಿದ್ಯಾರ್ಥಿಗಳು ತರಗತಿಯಿಂದ ತರಗತಿಗೆ ಹೋಗುವಾಗಲೇ ಬೆಟ್ಟವನ್ನು ಬೇರೆ ಬೇರೆ ಎತ್ತರಗಳಿಂದ ನೋಡಬಹುದಾಗಿದೆ. ಭೂದೃಶ್ಯ ಚಿತ್ರಕಲೆಯ ದೀರ್ಘ ಪರಂಪರೆಯುಳ್ಳ ದೇಶದಲ್ಲಿ ಕಲಾ ವಿದ್ಯಾರ್ಥಿಗಳಿಗೆ ಇದೂ ಶಿಕ್ಷಣದ ಒಂದು ಭಾಗವೇ ಆಗಿರುತ್ತದೆ.

ಹಳೆಯ ಸಾಮಗ್ರಿಗಳ ಮರುಬಳಕೆ:
ಆ ಅವಧಿಯಲ್ಲಿ ನಗರಗಳ ವಿಸ್ತರಣೆಗಾಗಿ ಅಸಂಖ್ಯ ಸಾಂಪ್ರದಾಯಿಕ ಮನೆಗಳನ್ನು ಕೆಡವಲಾಗುತ್ತಿತ್ತು. ಹೀಗೆ ಕೆಡವಿದ ಮನೆಗಳಿಂದ 20 ಲಕ್ಷಕ್ಕೂ ಹೆಚ್ಚು ಹೆಂಚುಗಳನ್ನು ಸಂಗ್ರಹಿಸಿ ಆವರಣದ ಛಾವಣಿಗಳಿಗೆ ಹೊದಿಸಲಾಗಿದೆ. ಎರಡನೇ ಹಂತದಲ್ಲಿ 'ವಾಪಾನ್' ಎಂಬ ಗೋಡೆ ಕಟ್ಟುವ ಪದ್ಧತಿಯನ್ನೂ ಅನುಸರಿಸಲಾಗಿದೆ. ನಿಂಗ್‌ಬೊ ಪ್ರದೇಶದ ಗ್ರಾಮಸ್ಥರು ಚಂಡಮಾರುತಕ್ಕೆ ಬಿದ್ದ ಮನೆಗಳ ಇಟ್ಟಿಗೆ, ಹೆಂಚು, ಕಲ್ಲುಗಳನ್ನೇ ಪದರ ಪದರವಾಗಿ ಜೋಡಿಸಿ ಪುನಃ ಗೋಡೆ ಕಟ್ಟುತ್ತಿದ್ದ ಕ್ರಮವಿದು. ಒಂದೊಂದು ತುಂಡಿನ ಅಳತೆಯೂ ಬೇರೆಯಾಗಿರುವುದರಿಂದ ಇದನ್ನು ನಕ್ಷೆಯಲ್ಲಿ ಪೂರ್ಣವಾಗಿ ತೋರಿಸಲು ಸಾಧ್ಯವಿಲ್ಲ. ಗಾರೆ ಕೆಲಸದವರ ಅನುಭವವನ್ನೇ ಅವಲಂಬಿಸಬೇಕಾಗುತ್ತದೆ. ಕೆಲಸ ದೊರೆಯದಿದ್ದಲ್ಲಿ ಇಂತಹ ಕೌಶಲ್ಯವು ಒಂದು ತಲೆಮಾರಿನಲ್ಲಿಯೇ ನಶಿಸುವ ಸಂಭವವಿರುತ್ತದೆ.

ಜಾನಪದ ಕಲಾ ವಸ್ತುಸಂಗ್ರಹಾಲಯ:
ಇದೇ ಆವರಣದಲ್ಲಿ ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸಗೊಳಿಸಿದ ವಸ್ತುಸಂಗ್ರಹಾಲಯವು 2015ರಲ್ಲಿ ಪೂರ್ಣಗೊಂಡಿತು. ಹಿಂದೆ ಚಹಾ ತೋಟವಿದ್ದ ಇಳಿಜಾರಿನಲ್ಲಿ ನೆಲದ ಏರಿಳಿತವನ್ನೇ ಅನುಸರಿಸಿ ಒಳನೆಲವನ್ನು ರೂಪಿಸಲಾಗಿದೆ. ಸ್ಟೀಲ್ ತಂತಿಗಳಿಗೆ ಸಿಕ್ಕಿಸಿದ ಹಳೆಯ ಹೆಂಚುಗಳ ಪರದೆಯು ಬಿಸಿಲನ್ನು ಸೋಸಿ ಒಳಗೆ ಬಿಡುತ್ತದೆ.

ಗಮನಿಸಬೇಕಾದ ಅಂಶಗಳು:
1. ಕಟ್ಟಡದ ಸ್ಥಳ ನಿಗದಿಗೆ ಮುನ್ನ ಬೆಟ್ಟದ ಇಳಿಜಾರು ಹಾಗೂ ನೀರಿನ ಹರಿವನ್ನು ಗುರುತಿಸುವುದು.
2. ಕೆಡವಿದ ಕಟ್ಟಡದ ಸಾಮಗ್ರಿಯನ್ನು ತ್ಯಾಜ್ಯವೆಂದು ಪರಿಗಣಿಸದೆ ಮರುಬಳಕೆಯ ಸಾಧ್ಯತೆಯನ್ನು ಪರಿಶೀಲಿಸುವುದು.
3. ಸ್ಥಳೀಯ ಕುಶಲಕರ್ಮಿಗಳನ್ನು ವಿನ್ಯಾಸದ ಹಂತದಿಂದಲೇ ತೊಡಗಿಸಿಕೊಳ್ಳುವುದು.

ವಾಂಗ್ ಷು ಅವರಿಗೆ 2012ರಲ್ಲಿ ಪ್ರಿಟ್ಜ್‌ಕರ್ ವಾಸ್ತುಶಿಲ್ಪ ಪ್ರಶಸ್ತಿ ಲಭಿಸಿತು. ಈ ಪ್ರಶಸ್ತಿಯನ್ನು ಪಡೆದ ಪ್ರಥಮ ಚೀನೀ ಪ್ರಜೆ ಇವರಾಗಿರುತ್ತಾರೆ.