ಮಾಯಾ ರಾವ್

ಮಾಯಾ ರಾವ್ (2 ಮೇ 1928 – 1 ಸೆಪ್ಟೆಂಬರ್ 2014) ಬೆಂಗಳೂರಿನ ಕಥಕ್ ಕಲಾವಿದೆ, ನೃತ್ಯ ಸಂಯೋಜಕಿ ಹಾಗೂ ನೃತ್ಯಗುರು. ಸೋವಿಯತ್ ಒಕ್ಕೂಟದಲ್ಲಿ ಬ್ಯಾಲೆ ಪರಂಪರೆಯ ಸಂಯೋಜನಾ ವಿಧಾನವನ್ನು ಅಭ್ಯಸಿಸಿದ ಅವರು, ಭಾರತದಲ್ಲಿ ನೃತ್ಯ ಸಂಯೋಜನೆಯನ್ನು ಪ್ರತ್ಯೇಕ ಅಧ್ಯಯನ ವಿಷಯವಾಗಿ ರೂಪಿಸಿದವರಲ್ಲಿ ಪ್ರಮುಖರು.

ಬಾಲ್ಯ ಮತ್ತು ನೃತ್ಯಾಭ್ಯಾಸ

ಮಾಯಾ ರಾವ್ ಅವರು ಬೆಂಗಳೂರಿನ ಮಲ್ಲೇಶ್ವರದಲ್ಲಿ ಜನಿಸಿದರು. ತಂದೆ ಹಟ್ಟಂಗಡಿ ಸಂಜೀವ ರಾವ್ ವಾಸ್ತುಶಿಲ್ಪಿಯಾಗಿದ್ದರು. ನಗರದ ಬಿ.ಆರ್.ವಿ. ಚಿತ್ರಮಂದಿರದಲ್ಲಿ ಉದಯಶಂಕರ್ ತಂಡದ ಪ್ರದರ್ಶನವನ್ನು ನೋಡಿದ ಅವರು ತಮ್ಮ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸಲು ನಿರ್ಧರಿಸಿದರು. ಸಂಪ್ರದಾಯಸ್ಥ ಮನೆತನದ ಹುಡುಗಿಯರು ರಂಗವೇರುವುದನ್ನು ಸಮಾಜವು ಸುಲಭವಾಗಿ ಒಪ್ಪದಿದ್ದ ಕಾಲವದು. ಜೈಪುರ ಘರಾಣೆಯ ಪಂಡಿತ್ ಸೋಹನ್‌ಲಾಲ್ ಅವರಲ್ಲಿ ಮಾಯಾ ರಾವ್ ಅವರ ಕಥಕ್ ಅಭ್ಯಾಸ ಆರಂಭವಾಯಿತು. ತಂದೆಯ ನಿಧನಾನಂತರ ನೃತ್ಯಪಾಠದ ಮೂಲಕ ಅವರು ಕುಟುಂಬಕ್ಕೆ ಆಧಾರವಾದರು. ಮುಂದೆ ಸುಂದರ್ ಪ್ರಸಾದ್ ಅವರಲ್ಲಿಯೂ, ದೆಹಲಿಯ ಭಾರತೀಯ ಕಲಾ ಕೇಂದ್ರದಲ್ಲಿ ಲಖನೌ ಘರಾಣೆಯ ಶಂಭು ಮಹಾರಾಜ್ ಅವರಲ್ಲಿಯೂ ಶಿಕ್ಷಣ ಮುಂದುವರಿಸಿದರು.

ಮಾಸ್ಕೋದಲ್ಲಿ ಅಧ್ಯಯನ

1960ರಲ್ಲಿ ವಿದ್ಯಾರ್ಥಿವೇತನ ಪಡೆದು ಸೋವಿಯತ್ ಒಕ್ಕೂಟಕ್ಕೆ ತೆರಳಿದ ಮಾಯಾ ರಾವ್, ಮಾಸ್ಕೋದ ಲುನಾಚಾರ್ಸ್ಕಿ ನಾಟಕ ಕಲಾ ಸಂಸ್ಥೆಯಲ್ಲಿ ನೃತ್ಯ ಸಂಯೋಜನೆಯನ್ನು ಅಭ್ಯಸಿಸಿದರು. ಆ ವಿಭಾಗದ ಮುಖ್ಯಸ್ಥರಾಗಿದ್ದ ರೋಸ್ತಿಸ್ಲಾವ್ ಜಖಾರೊವ್ ಅವರು, ಪುಷ್ಕಿನ್ ಕಾವ್ಯವನ್ನು ಆಧರಿಸಿದ 'ಬಖ್ಚಿಸರಾಯ್ ಕಾರಂಜಿ' (1934) ಬ್ಯಾಲೆಯ ಸಂಯೋಜಕರು. ಕಥೆ ಮತ್ತು ಪಾತ್ರಗಳಿಂದಲೇ ಚಲನೆ ಹುಟ್ಟಬೇಕೆಂಬುದು ಈ ಪಂಥದ ನಿಲುವಾಗಿತ್ತು.

ಸಂಯೋಜನೆಯ ಸ್ವರೂಪ

ಕಥಕ್ ಮುಖ್ಯವಾಗಿ ಏಕವ್ಯಕ್ತಿ ಪ್ರದರ್ಶನವಾಗಿ ಬೆಳೆದ ಕಲೆ. ತತ್ಕಾರ, ಚಕ್ಕರ್, ತುಕಡಾ, ತಿಹಾಯಿಗಳನ್ನು ಗುರುವಿನಿಂದ ಕಲಿತ ಕಲಾವಿದರು ತಬಲಾ ವಾದಕರೊಡನೆ ರಂಗದ ಮೇಲೆಯೇ ಅವುಗಳನ್ನು ವಿಸ್ತರಿಸುತ್ತಾರೆ. ಹತ್ತಾರು ಕಲಾವಿದರು ಪಾಲ್ಗೊಳ್ಳುವ ನೃತ್ಯರೂಪಕಕ್ಕೆ ಇಷ್ಟು ಮಾತ್ರ ಸಾಲದು. ಪ್ರವೇಶ–ನಿರ್ಗಮನ, ಗುಂಪಿನ ವಿನ್ಯಾಸ, ರಂಗಸ್ಥಳದ ಬಳಕೆ, ಸಂಗೀತ, ಬೆಳಕು ಇವೆಲ್ಲವನ್ನೂ ಮುಂಚಿತವಾಗಿ ಯೋಜಿಸಬೇಕಾಗುತ್ತದೆ. ಬ್ಯಾಲೆಯಲ್ಲಿ ಇದು ನರ್ತಕರ ಕೆಲಸಕ್ಕಿಂತ ಭಿನ್ನವಾದ ಸ್ವತಂತ್ರ ವೃತ್ತಿ. ಮಾಯಾ ರಾವ್ ಅವರು ಬ್ಯಾಲೆಯಿಂದ ಪಡೆದದ್ದು ಮುಖ್ಯವಾಗಿ ಈ ಶಿಸ್ತನ್ನು. ಅವರ ರೂಪಕಗಳ ಚಲನೆಗೆ ಭಾರತೀಯ ನೃತ್ಯವೇ ಆಧಾರವಾಗಿತ್ತು. 'ಹೊಯ್ಸಳ ವೈಭವ', 'ತುಳಸಿ ಕೆ ರಾಮ್', 'ರಾಮಾಯಣ ದರ್ಶನಂ' ಅವರ ಕೆಲವು ನೃತ್ಯರೂಪಕಗಳು. ಭಾರತದಲ್ಲಿ ಇಂತಹ ರೂಪಕಗಳನ್ನೂ 'ಬ್ಯಾಲೆ' ಎಂದು ಕರೆಯುವ ರೂಢಿಯಿದೆ. ಆದರೆ ಅವು ಪಾಶ್ಚಾತ್ಯ ಬ್ಯಾಲೆಯಂತೆ ತುದಿಗಾಲಿನ ನರ್ತನವಲ್ಲ.

ನಾಟ್ಯ ಇನ್‌ಸ್ಟಿಟ್ಯೂಟ್

1964ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಬೆಂಬಲದೊಂದಿಗೆ ದೆಹಲಿಯಲ್ಲಿ ನೃತ್ಯ ಸಂಯೋಜನೆಯ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಆಹ್ವಾನದ ಮೇರೆಗೆ 1987ರಲ್ಲಿ ಅದು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮಲ್ಲೇಶ್ವರಕ್ಕೆ ಹೊಂದಿಕೊಂಡ ವೈಯಾಲಿಕಾವಲ್‌ನಲ್ಲಿ 'ನಾಟ್ಯ ಇನ್‌ಸ್ಟಿಟ್ಯೂಟ್ ಆಫ್ ಕಥಕ್ ಅಂಡ್ ಕೊರಿಯೋಗ್ರಫಿ' ಎಂಬ ಹೆಸರಿನಲ್ಲಿ ನೆಲೆಗೊಂಡ ಈ ಸಂಸ್ಥೆಯಲ್ಲಿ ನೃತ್ಯ ಸಂಯೋಜನೆಯನ್ನು ಪದವಿ ಹಂತದಲ್ಲಿ ಕಲಿಯುವ ಅವಕಾಶ ಒದಗಿತು. ಗುರುವಿನ ರಚನೆಗಳನ್ನು ಒಪ್ಪಿಸುವುದರ ಜೊತೆಗೆ ತಮ್ಮದೇ ಕೃತಿಯನ್ನು ಕಟ್ಟುವ ತರಬೇತಿ ವಿದ್ಯಾರ್ಥಿಗಳಿಗೆ ದೊರೆಯಿತು.

ಗೌರವ ಮತ್ತು ನಿಧನ

ನೃತ್ಯ ಸಂಯೋಜನೆಗಾಗಿ 1989ರ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಹಾಗೂ ಕರ್ನಾಟಕ ಸರ್ಕಾರದ ಶಾಂತಲಾ ಪ್ರಶಸ್ತಿ ಅವರಿಗೆ ಸಂದಿವೆ. 2014ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ಪುತ್ರಿ, ಕಥಕ್ ಹಾಗೂ ಸಮಕಾಲೀನ ನೃತ್ಯ ಕಲಾವಿದೆ ಮಧು ನಟರಾಜ್ ಅವರು ಸಂಸ್ಥೆಯ ಕಾರ್ಯವನ್ನು ಮುಂದುವರಿಸಿದರು.