ದೊಡ್ಡ ರಾಜ್ಯ ಕೈಗೆ ಬಂದ ಮೊದಲ ದಿನ

ಕಳೆದ ಬೇಸಿಗೆಯಲ್ಲಿ ಗುಂಡ್ಲುಪೇಟೆಯ ನಮ್ಮ ಹಳೆಯ ಮನೆಯಲ್ಲಿ ನಾಲ್ಕು ದಿನ ಉಳಿಯಬೇಕಾಗಿ ಬಂತು. ಅಣ್ಣ ತೀರಿಕೊಂಡು ಆಗಿನ್ನೂ ಮೂರು ತಿಂಗಳು. ಅವನು ಬಿಟ್ಟುಹೋದದ್ದು ಒಂದೆಡೆ ಕಲೆತಿರುವ ಆಸ್ತಿಯಲ್ಲ. ಹಂಗಳದ ದಾರಿಯಲ್ಲಿ ಅರಿಸಿನ ಹಾಕುವ ನಾಲ್ಕು ಎಕರೆ, ತೆರಕಣಾಂಬಿಯ ಬಳಿ ಮಳೆಯನ್ನೇ ನಂಬಿದ ಆರು ಎಕರೆ, ಚಾಮರಾಜನಗರದಲ್ಲಿ ಬಾಡಿಗೆಗೆ ಕೊಟ್ಟ ಎರಡು ಮಳಿಗೆ, ಬತ್ತಿಹೋದ ಮೂರು ಕೊಳವೆಬಾವಿ ಮತ್ತು ಅವನ್ನು ಕೊರೆಸಲು ಮಾಡಿದ ಸಾಲ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಅವನ ಮಗನ ಕೈಗೆ ಇದೆಲ್ಲವೂ ಒಂದೇ ದಿನ ಬಂದಿತ್ತು. ಪೌತಿ ಖಾತೆಗಾಗಿ ಹಗಲೆಲ್ಲ ಕಚೇರಿಗಳನ್ನು ಸುತ್ತುತ್ತಿದ್ದ ಹುಡುಗ ರಾತ್ರಿಯಾದೊಡನೆ ಲ್ಯಾಪ್‌ಟಾಪ್ ತೆರೆದು ಆಟಕ್ಕೆ ಕೂರುತ್ತಿದ್ದ. ಎರಡು ರಾತ್ರಿ ಸಹಿಸಿಕೊಂಡೆ. ಮೂರನೆಯ ರಾತ್ರಿ, ‘ಮನೆಯಲ್ಲಿ ಇಷ್ಟೊಂದು ಕೆಲಸ ಬಿದ್ದಿರುವಾಗ ಇದೇನಪ್ಪ ನಿನ್ನ ಯುದ್ಧ?’ ಎಂದೆ.

‘ಯುದ್ಧ ಎಲ್ಲಿ ಮಾಡ್ತಾ ಇದೀನಿ ಚಿಕ್ಕಪ್ಪ? ಒಂದು ಗಂಟೆಯಿಂದ ಬರೀ ಲೆಕ್ಕ ನೋಡ್ತಾ ಇದೀನಿ, ಬನ್ನಿ ಕೂತ್ಕೊಳ್ಳಿ’ ಎಂದ.

ಅದು 2004ರಲ್ಲಿ ಬಂದ ‘ರೋಮ್: ಟೋಟಲ್ ವಾರ್’ ಎಂಬ ಆಟ. ಅದರಲ್ಲಿ ಕದನದ ಭಾಗ ಬೇರೆ, ರಾಜ್ಯಭಾರದ ಭಾಗ ಬೇರೆ. ರಾಜ್ಯಭಾರ ನಡೆಯುವುದು ಚದುರಂಗದಂತೆ ಸರದಿಯ ಮೇಲೆ. ನಾವು ನಡೆಸುವುದೆಲ್ಲ ಮುಗಿದ ಮೇಲೆ ಉಳಿದವರ ಸರದಿ. ಒಂದು ಸುತ್ತಿಗೆ ಅರ್ಧ ವರ್ಷ ಕಳೆಯುತ್ತದೆ. ಆದರೆ ಚದುರಂಗದಲ್ಲಿ ಇಬ್ಬರಿಗೂ ಹದಿನಾರು ಕಾಯಿಗಳು, ಸಮಬಲದ ಆರಂಭ. ಇಲ್ಲಿ ಹಾಗಲ್ಲ. ಒಂದೆರಡು ಊರುಗಳ ಪುಟ್ಟ ರಾಜ್ಯವನ್ನೂ ಆರಿಸಿಕೊಳ್ಳಬಹುದು, ಮೊದಲ ದಿನವೇ ಹಿಗ್ಗಿ ಹರಡಿಕೊಂಡಿರುವ ಸಾಮ್ರಾಜ್ಯವನ್ನೂ ಆರಿಸಿಕೊಳ್ಳಬಹುದು. ಹುಡುಗ ಆರಿಸಿಕೊಂಡಿದ್ದು ಸೆಲ್ಯೂಸಿಡ್ ಸಾಮ್ರಾಜ್ಯವನ್ನು. ಅಲೆಕ್ಸಾಂಡರನ ತರುವಾಯ ಅವನ ಸೇನಾನಿಗೆ ದಕ್ಕಿದ ಏಷ್ಯಾದ ಪಾಲು ಅದು. ಪಶ್ಚಿಮದ ತುದಿ ಟರ್ಕಿಯ ಸಾರ್ಡಿಸ್‌ನಲ್ಲಿ, ಪೂರ್ವದ ತುದಿ ಟೈಗ್ರಿಸ್ ನದಿಯ ದಡದಲ್ಲಿ. ಸುತ್ತಲೂ ಈಜಿಪ್ಟ್, ಪಾರ್ಥಿಯಾ, ಆರ್ಮೇನಿಯಾ, ಪಾಂಟಸ್. ಭೂಪಟದಲ್ಲಿ ನೋಡಿದರೆ ಇಷ್ಟು ದೊಡ್ಡ ರಾಜ್ಯ ಸಿಕ್ಕವನೇ ಭಾಗ್ಯವಂತ ಎನಿಸುತ್ತದೆ.

‘ಇಲ್ಲ ಚಿಕ್ಕಪ್ಪ, ಹೊಸಬರು ಸೋಲೋದೇ ಇದರಲ್ಲಿ’ ಎಂದು ಅವನು ವಿವರಿಸತೊಡಗಿದ. ಸಣ್ಣ ರಾಜ್ಯದವನು ಒಂದೊಂದೇ ಊರು ಸೇರಿದಂತೆ ಅದರ ಗುಣದೋಷ ಅರಿಯುತ್ತ ಬೆಳೆಯುತ್ತಾನೆ. ದೊಡ್ಡ ರಾಜ್ಯದವನಿಗೆ ಮೊದಲ ಸುತ್ತಿನಲ್ಲೇ ಎಲ್ಲ ಊರುಗಳೂ ಅಪ್ಪಣೆಗಾಗಿ ಕಾಯುತ್ತ ನಿಲ್ಲುತ್ತವೆ. ಯಾವ ಕೋಟೆಯಲ್ಲಿ ಎಷ್ಟು ದಂಡಿದೆ, ಯಾವ ಊರು ತನ್ನ ಖರ್ಚನ್ನು ತಾನೇ ದುಡಿಯುತ್ತದೆ, ಯಾವುದು ಬೊಕ್ಕಸವನ್ನು ತಿನ್ನುತ್ತದೆ, ಒಂದೂ ತಿಳಿಯದು. ದಂಡಿನ ಸಂಬಳ ಮಾತ್ರ ಸುತ್ತುಸುತ್ತಿಗೂ ಕಳೆಯುತ್ತಲೇ ಇರುತ್ತದೆ. ರಾಜಧಾನಿಯಿಂದ ದೂರವಾದಷ್ಟೂ ಪ್ರಜೆಗಳ ಅಸಮಾಧಾನ ಹೆಚ್ಚು. 2001ರ ‘ಸಿವಿಲೈಸೇಷನ್’ ಆಟದ ಮೂರನೆಯ ಆವೃತ್ತಿಯಲ್ಲಂತೂ ಈ ದೂರವೇ ಭ್ರಷ್ಟಾಚಾರವಾಗಿ, ತೀರಾ ಆಚೆಯ ಊರಿನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಸೋರಿಹೋಗುತ್ತಿತ್ತಂತೆ. ಆದ್ದರಿಂದ ಬಲ್ಲವರು ಮೊದಲ ಸುತ್ತಿನಲ್ಲಿ ಕತ್ತಿ ಎತ್ತುವುದಿಲ್ಲ. ಎಲ್ಲ ಗಡಿಗಳಲ್ಲೂ ಸಂಧಿ ಕೇಳುತ್ತಾರೆ. ಒಂದೇ ಒಂದು ಗಡಿಯನ್ನು ಜಗಳಕ್ಕೆಂದು ಉಳಿಸಿಕೊಳ್ಳುತ್ತಾರೆ. ಕೆಲಸವಿಲ್ಲದ ದಂಡನ್ನು ವಿಸರ್ಜಿಸುತ್ತಾರೆ. ರಾಜಧಾನಿ ಮೂಲೆಯಲ್ಲಿದ್ದರೆ ನಡುವಿಗೆ ತರುತ್ತಾರೆ. ಕಾಯಲಾಗದ ಊರನ್ನು ಯಾರಿಗಾದರೂ ಕೊಟ್ಟುಬಿಡುತ್ತಾರೆ.

ಈ ಕಡೆಯ ಮಾತು ನನಗೆ ಹಿಡಿಸಲಿಲ್ಲ. ಅದೇಕೆಂದು ಮರುದಿನ ತಿಳಿಯಿತು.

ಮರುದಿನ ಮಳಿಗೆಯ ಬಾಡಿಗೆಯ ವಿಚಾರವಾಗಿ ಇಬ್ಬರೂ ಚಾಮರಾಜನಗರಕ್ಕೆ ಹೋದೆವು. ಕೆಲಸ ಬೇಗ ಮುಗಿದದ್ದರಿಂದ ಅವನನ್ನು ಜನನ ಮಂಟಪಕ್ಕೆ ಕರೆದೊಯ್ದೆ. ಊರು ಆಗ ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ಮುಂದೆ ಮುಮ್ಮಡಿಯವರೇ ತಂದೆಯ ಹೆಸರನ್ನು ಊರಿಗಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ದೊಡ್ಡ ರಾಜ್ಯವೊಂದು ಮೊದಲ ಸುತ್ತಿನಲ್ಲೇ ಕೈಗೆ ಬಂದವರನ್ನು ನಮ್ಮ ಕಡೆ ಹುಡುಕಿದರೆ ಇವರಿಗಿಂತ ಬೇರೆ ಉದಾಹರಣೆ ಬೇಡ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಜೂನ್ ಮುಗಿಯುವಷ್ಟರಲ್ಲಿ ಐದು ವರ್ಷದ ಬಾಲಕ ಸಿಂಹಾಸನದಲ್ಲಿದ್ದ. ಟಿಪ್ಪುವಿನ ರಾಜ್ಯದಿಂದ ಇಂಗ್ಲಿಷರೂ ನಿಜಾಮನೂ ಹೋಳು ಕತ್ತರಿಸಿಕೊಂಡ ಮೇಲೂ ಮಲೆನಾಡಿನ ನಗರ ಸೀಮೆಯಿಂದ ಈ ಬಯಲಿನವರೆಗೆ ಹಬ್ಬಿದ ನಾಡು. ಜೊತೆಗೆ ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿ.

ಹನ್ನೊಂದು-ಹನ್ನೆರಡು ವರ್ಷ ಆ ಲೆಕ್ಕವನ್ನು ಹಿಡಿದವರು ಪೂರ್ಣಯ್ಯ. ಹೈದರ್, ಟಿಪ್ಪು ಇಬ್ಬರ ಖಜಾನೆಯನ್ನೂ ಕಂಡಿದ್ದ ಅವರಿಗೆ ಯಾವ ಸೀಮೆ ಏನು ಕೊಡಬಲ್ಲದು ಎಂಬುದು ಬಾಯಿಪಾಠ. ಅವರು ಹಿಂದೆ ಸರಿದ ಮೇಲೆ ಹದಿಹರೆಯ ದಾಟದ ಅರಸರಿಗೆ ಸಿಕ್ಕಿದ್ದು ರಾಜ್ಯ. ಆ ಬಾಯಿಪಾಠ ಸಿಗಲಿಲ್ಲ. ಬಂದದ್ದು ‘ಶರತ್ತು’ ಪದ್ಧತಿ. ಇಷ್ಟು ಹಣ ತಂದೇ ತರುತ್ತೇನೆಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡುವುದು, ಅದನ್ನು ಅವನು ಹೇಗೆ ತಂದನೆಂದು ಯಾರೂ ಕೇಳದಿರುವುದು. ದೂರದ ಸೀಮೆಗಳಿಗೆ ಅಧಿಕಾರಿಯನ್ನು ನೇಮಿಸಿ ಕಣ್ಣುಮುಚ್ಚಿಕೊಳ್ಳುವ ಆಟಗಾರನ ದಾರಿಯಿದು. ಸುತ್ತಿನ ಕೊನೆಗೆ ಹಣ ಬಂದಂತೆ ಕಾಣುತ್ತದೆ. 1830ರಲ್ಲಿ ರೈತರು ತಿರುಗಿಬಿದ್ದದ್ದು ರಾಜಧಾನಿಗೆ ದೂರದ ನಗರ ಸೀಮೆಯಲ್ಲೇ. 1831ರಲ್ಲಿ ಇಂಗ್ಲಿಷರು ಆಡಳಿತವನ್ನೇ ಕಿತ್ತುಕೊಂಡರು. ಅರಸರ ದುಂದಿನ ಬಗ್ಗೆ ಅವರ ಕಡತಗಳು ಹೇಳುವುದನ್ನೆಲ್ಲ ನಾನು ಪೂರ್ತಿ ನಂಬುವವನಲ್ಲ. ಕಿತ್ತುಕೊಂಡವರು ಕಾರಣ ಬರೆದಿಡದೆ ಇರುತ್ತಾರೆಯೇ? ಆದರೆ ಶರತ್ತು ಸುಳ್ಳಲ್ಲ, ರೈತರ ಸಂಕಟವೂ ಸುಳ್ಳಲ್ಲ. ಇಂಗ್ಲಿಷರ ಆಡಳಿತದಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು, ನಾಡು ನಾಲ್ಕು ವಿಭಾಗಗಳಾಯಿತು.

ಆಮೇಲಿನ ಮೂವತ್ತೇಳು ವರ್ಷ, ಅಂದರೆ 1868ರಲ್ಲಿ ತೀರಿಕೊಳ್ಳುವವರೆಗೆ, ಆಳಲು ರಾಜ್ಯವಿಲ್ಲದ ಆ ಅರಸರು ಮಾಡಿದ ಕೆಲಸಗಳಲ್ಲಿ ಒಂದು ಆಟಗಳನ್ನು ರಚಿಸಿದ್ದು. ಇದನ್ನು ಕೇಳಿ ಹುಡುಗ ಬೆರಗಾದ. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೂ ಎಡೆಮಾಡಿದೆ. 320 ಎಲೆಗಳ ಚಾಮುಂಡೇಶ್ವರಿ ಛದವನ್ನು ಹಂಚಿ ಮುಗಿಸುವಷ್ಟರಲ್ಲೇ ನಮಗಾದರೆ ಊಟದ ಹೊತ್ತಾದೀತು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಬೇಕು. ಮೆಟ್ಟಿದ ಕ್ರಮದಲ್ಲಿ ಅಂಕಿ ಬರೆದರೆ ಪ್ರತಿ ಅಡ್ಡಸಾಲೂ ಕಂಬಸಾಲೂ 260ಕ್ಕೆ ಕೂಡಬೇಕು. ಅಂಥ ನಡೆಯನ್ನು ಅವರು ಸಾಧಿಸಿದ್ದರು. ಕರ್ಣರೇಖೆಗಳೂ 260 ಆಗುವಂಥದ್ದು ಸಾಧ್ಯವೇ ಇಲ್ಲವೆಂದು ಕಂಪ್ಯೂಟರು ಎರಡು ತಿಂಗಳು ಹುಡುಕಿ ಹೇಳಿದ್ದು 2003ರಲ್ಲಿ.

‘ಅವರಿಗೆ ಆಟ ಬರ್ತಿತ್ತು, ರಾಜ್ಯ ಬರ್ಲಿಲ್ಲ ಅಂತೀರಾ?’ ಎಂದ. ಹಾಗೆನ್ನಲು ನನಗೆ ಮನಸ್ಸು ಬರಲಿಲ್ಲ. ಅರವತ್ತನಾಲ್ಕು ಮನೆಗಳೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಮೈಸೂರಿನಲ್ಲಿ ಕೂತವರಿಗೆ ನಗರ ಸೀಮೆ ಕಾಣುತ್ತಿರಲಿಲ್ಲ.

ಕಾಣುವ ಏರ್ಪಾಡು ಮಾಡಿಕೊಂಡ ಅರಸನೂ ಇದೇ ರಸ್ತೆಯ ಇನ್ನೊಂದು ತುದಿಯವನು. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ಇದ್ದದ್ದು ಹಂಗಳದಲ್ಲಿ, ಒಂದರ್ಥದಲ್ಲಿ ಸೆರೆಯೇ. ಜೊತೆಗಿದ್ದವನು ಯಳಂದೂರಿನ ವಿಶಾಲಾಕ್ಷ ಪಂಡಿತ. (ಪೂರ್ಣಯ್ಯನವರಿಗೆ ಮುಂದೆ ಜಹಗೀರಾಗಿ ಸಿಕ್ಕಿದ್ದೂ ಯಳಂದೂರೇ.) 1673ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿಗೆ, ಪಟ್ಟ ಬಂದಾಗ ಪಂಡಿತ ಮಂತ್ರಿಯಾದ. ಗುಂಡ್ಲುಪೇಟೆಯಲ್ಲಿ ತಂದೆಯ ನೆನಪಿಗೆ ಪರವಾಸುದೇವ ದೇವಾಲಯವೆದ್ದಿತು. ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ವಿಂಗಡಿಸಿದ್ದು, ಅಂಚೆಯವರು ಕಾಗದದ ಜೊತೆಗೆ ಸೀಮೆಗಳ ಸುದ್ದಿಯನ್ನೂ ಹೊತ್ತು ತರುವಂತೆ ಮಾಡಿದ್ದು ಅವರೇ. ಸೀಮೆಗಳಿಂದ ಬಂದ ಹಣದಲ್ಲಿ ಸಾವಿರ ವರಹದ ಎರಡು ಚೀಲಗಳನ್ನು ಖಜಾನೆಗೆ ಇಡಿಸದೆ ಬೆಳಗಿನ ಉಪಾಹಾರ ಮುಟ್ಟುತ್ತಿರಲಿಲ್ಲವೆಂದು ವಿಲ್ಕ್ಸ್ ಬರೆದಿದ್ದಾನೆ. ಆ ಚೀಲಗಳನ್ನು ತುಂಬಿದ ಒಕ್ಕಲಿಗರು ಇವರ ಮೇಲೂ ದಂಗೆ ಎದ್ದರು, ಪಂಡಿತನ ಕೊಲೆಯಾಯಿತು. ಆದರೂ ಬೊಕ್ಕಸ ತುಂಬಿಯೇ ಇತ್ತು, ನಾಡು ಬೆಳೆದೇ ಇತ್ತು.

1997ರಲ್ಲಿ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಅಣ್ಣ ಸಂತೋಷಪಟ್ಟದ್ದು ನೆನಪಾಯಿತು. ದೊಡ್ಡ ಕಚೇರಿಯ ಕೆಲಸಕ್ಕೆ ಇನ್ನು ಮೈಸೂರಿನ ಬಸ್ಸು ಹಿಡಿಯಬೇಕಾಗಿಲ್ಲ ಎನ್ನುವುದೇ ಅವನಿಗೆ ದೊಡ್ಡದು.

ಹಿಂದಿರುಗುವಾಗ ತೆರಕಣಾಂಬಿಯಲ್ಲಿ ಹುಡುಗ ಗಾಡಿ ನಿಲ್ಲಿಸಿದ. ಉತ್ತು ಬಿಟ್ಟ ಕೆಂಪು ನೆಲ, ಬದುವಿನ ಮೇಲೊಂದು ಹುಣಸೆ ಮರ. ‘ಚಿಕ್ಕಪ್ಪ, ಇದನ್ನ ಕೊಟ್ಟುಬಿಡೋಣ ಅಂತಿದೀನಿ. ಸಾಲ ತೀರುತ್ತೆ. ಹಂಗಳದ ನಾಲ್ಕೆಕರೆ ನೆಟ್ಟಗೆ ನೋಡ್ಕೋಬಹುದು.’ ಅವನ ಮೊಬೈಲಿನಲ್ಲಿ ಐದು ವರ್ಷದ ಲೆಕ್ಕವಿತ್ತು. ಅಣ್ಣನ ಡೈರಿಗಳಿಂದ ಎತ್ತಿ ಬರೆದದ್ದು. ಮೂರು ವರ್ಷ ಬಿತ್ತನೆಯ ಖರ್ಚೂ ಹುಟ್ಟಿರಲಿಲ್ಲ. ಎದುರಾಡಲು ಅದರಲ್ಲಿ ಏನೂ ಇರಲಿಲ್ಲ. ಆದರೆ ನಮ್ಮಪ್ಪ ತನ್ನ ಸಂಬಳದಲ್ಲಿ ಕೊಂಡ ಮೊದಲ ನೆಲ ಅದು. ಆ ಮರದಡಿ ನಾನೂ ಅಣ್ಣನೂ ಬುತ್ತಿ ಉಂಡದ್ದು ಯಾವ ಡೈರಿಯಲ್ಲೂ ಇಲ್ಲ.

ರಾತ್ರಿ ಅತ್ತಿಗೆಗೆ ವಿಷಯ ತಿಳಿಸಿದ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಿನ್ನ ಆಟದಲ್ಲಿ ಬಿಟ್ಟುಕೊಟ್ಟ ಊರು ತಿರುಗಿ ಸಿಗುತ್ತೇನೋ?’ ಎಂದು ಕೇಳಿದರು.

‘ಒಂದೊಂದ್ಸಲ ಸಿಗುತ್ತಮ್ಮ. ಗೆಲ್ಲಬೇಕು.’

ಅತ್ತಿಗೆ ಒಳಗೆ ಹೋಗಿ ಟ್ರಂಕಿನಿಂದ ತೆರಕಣಾಂಬಿಯ ಕ್ರಯಪತ್ರ ತಂದು ಅವನ ಮುಂದಿಟ್ಟರು. ‘ಹುಣಸೆ ಮರದ್ದು ಈ ವರ್ಷದ ಕಾಯಿ ನಮಗೇ ಅಂತ ಮಾತಾಡಿಕೋ’ ಎಂದರು.